ಹಳೆಯ ಕಾರಿನ ಬ್ರೇಕು: ರಿಪೇರಿಯೋ, ಬದಲಾವಣೆಯೋ?

(ಸಂಘದ ಸ್ಥಾಪನಾ ದಿನಾಚರಣೆಯ ಸಮಾರಂಭದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಭಾವಗೀತೆ, ವಚನಗಾಯನ, ಕೋಲಾಟಗಳ ನಡುವೆ ಕಾರಿನ ಬ್ರೇಕಿನ ಬಗ್ಗೆ ಭಾಷಣವೇ ಎಂದು ಕೆಲವರ ಹುಬ್ಬು ಮೇಲೇರಿರುವುದು ನನಗೆ ಇಲ್ಲಿಂದಲೇ ಕಾಣುತ್ತಿದೆ. ಆದರೆ ಈ ಸಭಾಂಗಣಕ್ಕೆ ನಾವೆಲ್ಲ ಬಂದದ್ದು ಕಾರುಗಳಲ್ಲಿ. ಹೊತ್ತಿಗೆ ಸರಿಯಾಗಿ ಹೊರಟೆವು ಎಂಬ ಕಾರಣಕ್ಕೆ ಕ್ಷೇಮವಾಗಿ ತಲುಪಿಲ್ಲ (ಹೊತ್ತಿಗೆ ಸರಿಯಾಗಿ ಯಾರೂ ಹೊರಟಿಲ್ಲ, ಅದು ಬೇರೆ ಮಾತು). ನಿಲ್ಲಬೇಕಾದಲ್ಲಿ ಕಾರು ನಿಂತಿದ್ದರಿಂದ ತಲುಪಿದ್ದೇವೆ.

ಇಲ್ಲಿ ಬ್ರಿಟನ್ನಿನಲ್ಲಿ ನೆಲೆಸಿರುವ ನಮ್ಮ ಸದಸ್ಯರಲ್ಲಿ ಕೆಲವರಿಗೆ ಹಳೆಯ ಕಾರಿನ ಹುಚ್ಚು ಹಿಡಿದಿದೆ. ಮಕ್ಕಳು ಓದು ಮುಗಿಸಿ ಮನೆ ಬಿಟ್ಟ ಮೇಲೆ ಗ್ಯಾರೇಜಿನಲ್ಲಿ ಜಾಗವಾಗುತ್ತದೆ, ಆ ಜಾಗಕ್ಕೆ ಐವತ್ತು ಅರವತ್ತು ವರ್ಷದ ಒಂದು ಕಾರು ಬಂದು ಕೂರುತ್ತದೆ. ಆಮೇಲೆ ಫೋನು ಬರುತ್ತದೆ: "ಬ್ರೇಕು ಸವೆದಿದೆಯಂತೆ. ಇದ್ದದ್ದನ್ನೇ ರಿಪೇರಿ ಮಾಡಿಸಲೋ, ಹೊಸದು ಹಾಕಿಸಲೋ?" ಒಬ್ಬೊಬ್ಬರಿಗೆ ಒಂದೊಂದು ಸಲ ಹೇಳುವ ಬದಲು ಎಲ್ಲರಿಗೂ ಒಮ್ಮೆಲೇ ಹೇಳಿಬಿಡಿ ಎಂದು ಕಾರ್ಯದರ್ಶಿಗಳು ಅಪ್ಪಣೆ ಕೊಟ್ಟರು.

ಎಲ್ಲ ಹಳೆಯ ಕಾರುಗಳ ಬಗ್ಗೆ ಒಟ್ಟಿಗೆ ಹೇಳಹೊರಟರೆ ಯಾವುದರ ಬಗ್ಗೆಯೂ ಹೇಳಿದಂತಾಗುವುದಿಲ್ಲ. ಒಂದೇ ಕಾರನ್ನು ಎದುರಿಗಿಟ್ಟುಕೊಳ್ಳೋಣ: ಮಾರಿಸ್ ಮೈನರ್. ಅಲೆಕ್ ಇಸಿಗೊನಿಸ್ ಎಂಬ ಎಂಜಿನಿಯರರ ಕಲ್ಪನೆಯ ಕೂಸಾದ ಇದು 1948ರಲ್ಲಿ ಲಂಡನ್ನಿನ ಅರ್ಲ್ಸ್ ಕೋರ್ಟ್ ಪ್ರದರ್ಶನದಲ್ಲಿ ಮೊದಲು ಜನರ ಕಣ್ಣಿಗೆ ಬಿತ್ತು. 1970ರ ದಶಕದ ಆರಂಭದವರೆಗೆ ಹದಿನಾರು ಲಕ್ಷಕ್ಕೂ ಮಿಕ್ಕಿ ತಯಾರಾಯಿತು. ಇದನ್ನು ಕಂಡ ನಮ್ಮವರೆಲ್ಲ "ಅಯ್ಯೋ, ಅಂಬಾಸಿಡರಿನ ಮರಿ!" ಎಂದು ಉದ್ಗಾರ ತೆಗೆಯುತ್ತಾರೆ. ಸಂಬಂಧವಿದೆ, ಆದರೆ ಮರಿಯಲ್ಲ, ದಾಯಾದಿ. ನಮ್ಮ ಅಂಬಾಸಿಡರಿನ ತಾಯಿ ಮಾರಿಸ್ ಆಕ್ಸ್‌ಫರ್ಡಿನ ಮೂರನೆಯ ಸರಣಿ. ಮೈನರನ್ನೂ ಹಿಂದುಸ್ತಾನ್ ಮೋಟಾರ್ಸ್ ನಮ್ಮ ದೇಶದಲ್ಲಿ 'ಬೇಬಿ ಹಿಂದುಸ್ತಾನ್' ಎಂಬ ಮುದ್ದಿನ ಹೆಸರಿಟ್ಟು ಮಾರಿತ್ತು. ಅಂಬಾಸಿಡರಿನ ತಯಾರಿಕೆ 2014ರಲ್ಲಿ ನಿಂತಿತು. ಮೈನರ್ ಅದಕ್ಕಿಂತ ನಾಲ್ಕು ದಶಕ ಮೊದಲೇ ನಿಂತರೂ ಇಲ್ಲಿನ ಹಳ್ಳಿದಾರಿಗಳಲ್ಲಿ ಭಾನುವಾರಗಳಂದು ಇನ್ನೂ ಓಡಾಡುತ್ತಿದೆ.

ನಾವು ಎರಡು ಸಂಪ್ರದಾಯಗಳ ನಡುವೆ ಬದುಕುವವರು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಓಡಾಡಿದವರಿಗೆ ಗೊತ್ತು, ಅಲ್ಲಿ ಯಾವ ಭಾಗಕ್ಕೂ ಅಷ್ಟು ಸುಲಭವಾಗಿ ಸಾವಿಲ್ಲ. ಸವೆದ ಬ್ರೇಕ್ ಶೂ ಕೊಟ್ಟರೆ ಹಳೆಯ ಲೈನಿಂಗು ಕಿತ್ತು, ಹೊಸದಕ್ಕೆ ರಿವೆಟ್ಟು ಬಡಿದು, ನೀವು ಕಾಫಿ ಕುಡಿದು ಬರುವಷ್ಟರಲ್ಲಿ ಕೈಗಿಡುತ್ತಿದ್ದರು. ಈ ದೇಶದ ಗ್ಯಾರೇಜಿನಲ್ಲಿ ಅದೇ ಶೂ ತೋರಿಸಿದರೆ ಅದನ್ನು ತಿರುಗಿಸಿಯೂ ನೋಡದೆ ತೊಟ್ಟಿಗೆ ಹಾಕಿ, ಪೆಟ್ಟಿಗೆಯಿಂದ ಹೊಸದು ತೆಗೆಯುತ್ತಾರೆ. ನಮ್ಮವರು ಅದನ್ನು ದುಂದುಗಾರಿಕೆ ಎನ್ನುತ್ತಾರೆ, ಇವರು ನಮ್ಮದನ್ನು ತೇಪೆ ಹಚ್ಚುವಿಕೆ ಎನ್ನುತ್ತಾರೆ. ನನ್ನ ಎಣಿಕೆಯಲ್ಲಿ ಎರಡೂ ಬರೀ ಲೆಕ್ಕಾಚಾರ. ಅಲ್ಲಿ ಕೂಲಿ ಅಗ್ಗ, ಸಾಮಾನು ತುಟ್ಟಿ. ಇಲ್ಲಿ ಸಾಮಾನು ಅಗ್ಗ, ಒಂದು ಗಂಟೆಯ ಕೂಲಿ ತುಟ್ಟಿ. ಎರಡು ಕಡೆಯವರೂ ಜೇಬನ್ನು ಕೇಳಿ ಉತ್ತರ ಹೇಳುತ್ತಿದ್ದಾರೆ. ಬ್ರೇಕಿನ ವಿಷಯದಲ್ಲಿ ಜೇಬನ್ನು ಎರಡನೆಯದಾಗಿ ಕೇಳಬೇಕು. ಮೊದಲು ಕೇಳಬೇಕಾದದ್ದು: ಈ ಭಾಗದ ಸವೆತ ನನ್ನ ಅಳತೆಗೆ ಸಿಗುತ್ತದೆಯೋ ಇಲ್ಲವೋ?

ಸವೆತದಲ್ಲಿ ಎರಡು ಜಾತಿ. ಒಂದು, ಮುಖಕ್ಕೆ ಮುಖ ಕೊಟ್ಟು ನಿಲ್ಲುವಂಥದು. ಕಣ್ಣಿಗೆ ಕಾಣುತ್ತದೆ, ಮಾಪನಕ್ಕೆ ಸಿಗುತ್ತದೆ, ಇಷ್ಟು ಹೋಗಿದೆ ಇಷ್ಟು ಉಳಿದಿದೆ ಎಂದು ಹೇಳಬಹುದು. ಇನ್ನೊಂದು, ಹೊರಗೆ ನೆಟ್ಟಗಿದ್ದು ಒಳಗೊಳಗೇ ಕೊಳೆಯುವಂಥದು. ಮೊದಲನೆಯ ಜಾತಿಯ ಭಾಗಗಳನ್ನು ಧಾರಾಳವಾಗಿ ರಿಪೇರಿ ಮಾಡಿಸಿ. ಎರಡನೆಯದಕ್ಕೆ ಕರುಣೆ ತೋರಿಸಬೇಡಿ. ಈ ಮಾತಿಗೆ ಕಾರಣ ತಿಳಿಯಬೇಕಾದರೆ ಮೈನರ್‌ನ ಬ್ರೇಕು ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಒಂದಿಷ್ಟು ನೋಡಬೇಕು. ಮಕ್ಕಳು ಸ್ವಲ್ಪ ಮುಂದೆ ಬಂದು ಕೂತರೆ ಚೆನ್ನ.

ಡಾಕ್ಟರ ಇಂಜೆಕ್ಷನ್ನಿನ ಪಿಚಕಾರಿ ನೋಡಿದ್ದೀರಲ್ಲ? ಎರಡು ಪಿಚಕಾರಿಗಳನ್ನು ಒಂದು ಕೊಳವೆಯಿಂದ ಜೋಡಿಸಿ ದ್ರವ ತುಂಬಿ. ಒಂದನ್ನು ಒತ್ತಿದರೆ ಇನ್ನೊಂದರ ಹಿಡಿಕೆ ಹೊರಗೆ ಬರುತ್ತದೆ. ಬ್ರೇಕೂ ಅಷ್ಟೆ. ಪೆಡಲು ತುಳಿದಾಗ ಮಾಸ್ಟರ್ ಸಿಲಿಂಡರ್ ಎಂಬ ದೊಡ್ಡ ಪಿಚಕಾರಿ ದ್ರವವನ್ನು ಕೊಳವೆಗಳಲ್ಲಿ ದೂಡುತ್ತದೆ. ಚಕ್ರದ ಹತ್ತಿರವಿರುವ ಸಣ್ಣ ಸಿಲಿಂಡರುಗಳು ಅರ್ಧಚಂದ್ರಾಕಾರದ ಶೂಗಳನ್ನು ಹೊರಕ್ಕೆ ತಳ್ಳುತ್ತವೆ. ಶೂಗಳು ಚಕ್ರದೊಂದಿಗೆ ತಿರುಗುವ ಎರಕದ ಕಬ್ಬಿಣದ ಡ್ರಮ್ಮನ್ನು ಒಳಗಿನಿಂದ ಉಜ್ಜಿ ನಿಲ್ಲಿಸುತ್ತವೆ. ಮೈನರ್‌ನ ಮುಂದಿನ ಚಕ್ರಗಳಿಗೆ ತಲಾ ಎರಡು ಸಿಲಿಂಡರು, ಹಿಂದಿನವಕ್ಕೆ ತಲಾ ಒಂದು. ಮುಂದಿನ ಎರಡು ಶೂಗಳನ್ನೂ ಡ್ರಮ್ಮಿನ ತಿರುಗುವಿಕೆಯೇ ಎಳೆದು ಒತ್ತಿಕೊಳ್ಳುವಂತೆ ಜೋಡಿಸಿದ್ದಾರೆ; ಹಾಗಾಗಿ ಮುಂದೆ ಹೋಗುವಾಗ ಹಿಡಿತ ಚೆನ್ನಾಗಿದೆ. ಹಿಂದಕ್ಕೆ ಜಾರುವಾಗ ಅಷ್ಟು ಹಿಡಿಯುವುದಿಲ್ಲ, ಏರಿನಲ್ಲಿ ರಿವರ್ಸ್ ತೆಗೆಯುವವರು ನೆನಪಿಟ್ಟುಕೊಳ್ಳಬೇಕು.

ಈಗ ಮುಖ್ಯವಾದ ಮಾತು. ನೀವು ಹೊರಗೆ ನಿಲ್ಲಿಸಿರುವ ಕಾರುಗಳಲ್ಲಿ ದ್ರವದ ದಾರಿ ಎರಡು ಭಾಗವಾಗಿರುತ್ತದೆ. ಒಂದು ಸೋರಿದರೂ ಇನ್ನೊಂದು ಕೈಹಿಡಿಯುತ್ತದೆ. ಮೈನರ್‌ನಲ್ಲಿ ಇರುವುದು ಒಂದೇ ದಾರಿ. ನಾಲ್ಕು ಚಕ್ರಗಳ ಪೈಕಿ ಎಲ್ಲಿಯಾದರೂ ಒಂದು ರಬ್ಬರು ಸೀಲು ಕೈಕೊಟ್ಟರೆ ಪೆಡಲು ನೆಲಕ್ಕೆ ಹೋಗುತ್ತದೆ, ನಾಲ್ಕೂ ಬ್ರೇಕುಗಳು ಒಟ್ಟಿಗೆ ಇಲ್ಲವಾಗುತ್ತವೆ. ಉಳಿಯುವುದು ಹಿಂದಿನ ಚಕ್ರಗಳಿಗೆ ತಂತಿಯಿಂದ ಕಟ್ಟಿದ ಹ್ಯಾಂಡ್‌ಬ್ರೇಕು ಮಾತ್ರ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂಬ ಗಾದೆ ಈ ಕಾರಿಗಾಗಿಯೇ ಹುಟ್ಟಿದಂತಿದೆ. ಅಷ್ಟೇ ಅಲ್ಲ, ಇಲ್ಲಿ ಹೋಗುವುದು ನಮ್ಮ ಮಾನವೊಂದೇ ಆಗಿರಲಿಕ್ಕಿಲ್ಲ. ಜೀಬ್ರಾ ಪಟ್ಟೆಯ ಮೇಲೆ ಮಗುವಿನ ಕೈಹಿಡಿದು ದಾಟುತ್ತಿರುವ ಯಾರದೋ ಜೀವವೂ ಆಗಿರಬಹುದು.

ಡ್ರಮ್ಮಿನಿಂದ ಶುರುಮಾಡೋಣ, ಏಕೆಂದರೆ ಅದು ಸಜ್ಜನ. ಏನಾಗಿದೆಯೋ ಅದನ್ನು ತೋರಿಸುತ್ತದೆ. ಒಳಮೈಯಲ್ಲಿ ಗೀರುಗಳೆದ್ದಿವೆಯೇ, ಅಂಚಿನಲ್ಲಿ ದಿಂಡು ಎದ್ದಿದೆಯೇ, ಗುಂಡಗಿನ ರೂಪ ಹೋಗಿ ಮೊಟ್ಟೆಯಾಕಾರಕ್ಕೆ ತಿರುಗಿದೆಯೇ, ಎಲ್ಲವೂ ಮಾಪನಕ್ಕೆ ಸಿಗುತ್ತದೆ. ಮೊಟ್ಟೆಯಾಕಾರವಾಗಿದ್ದರೆ ಬ್ರೇಕು ಒತ್ತಿದಾಗ ಪೆಡಲು ಕಾಲಡಿಯಲ್ಲಿ ಮಿಡಿಯುತ್ತದೆ. ಇಂಥ ಡ್ರಮ್ಮನ್ನು ಲೇತಿಗೆ ಹಾಕಿ ತೆಳ್ಳಗೆ ಸವರಿಸಿದರೆ ಹೊಸದರಂತಾಗುತ್ತದೆ. ಆದರೆ ಎಷ್ಟು ಸವರಬಹುದು ಎಂಬುದಕ್ಕೆ ಮಿತಿ ಇದೆ. ವ್ಯಾಸದಲ್ಲಿ ಒಟ್ಟು ಒಂದೂವರೆ ಮಿಲಿಮೀಟರಿಗಿಂತ ಹೆಚ್ಚು ಹೋಗಬಾರದು ಎಂಬುದು ಗ್ಯಾರೇಜುಗಳ ಹಳೆಯ ರೂಢಿ. ನಿಮ್ಮ ಕಾರಿನ ಕೈಪಿಡಿ ಅದಕ್ಕಿಂತ ಬಿಗಿಯಾದ ಮಿತಿ ಹೇಳಿದ್ದರೆ ಅದೇ ಅಂತಿಮ.

ಮಿತಿ ಏಕೆಂದರೆ ಡ್ರಮ್ಮು ಬರೀ ಉಜ್ಜುವ ಮೈಯಲ್ಲ, ಶಾಖದ ಹಂಡೆಯೂ ಹೌದು. ನಾಲ್ಕು ಜನ ಕುಳಿತ ಮೈನರ್ ಸುಮಾರು ಒಂದು ಸಾವಿರ ಕಿಲೋ ತೂಗುತ್ತದೆ ಎನ್ನಿ. ಗಂಟೆಗೆ 80 ಕಿಲೋಮೀಟರು ವೇಗದಿಂದ ಒಮ್ಮೆ ಪೂರ್ತಿ ನಿಂತರೆ ಹುಟ್ಟುವ ಶಾಖದಲ್ಲಿ ಮುಕ್ಕಾಲು ಲೀಟರು ತಣ್ಣೀರು ಕುದಿಯುತ್ತದೆ, ಐದು ಲೋಟ ಕಾಫಿಗೆ ಸಾಕು. ಆ ಶಾಖದ ಬಹುಪಾಲನ್ನು ಕೆಲವೇ ಕ್ಷಣಗಳಲ್ಲಿ ನಾಲ್ಕು ಡ್ರಮ್ಮುಗಳು ನುಂಗಬೇಕು. ತೆಳ್ಳಗಾದ ಡ್ರಮ್ಮು ಬೇಗ ಕಾಯುತ್ತದೆ, ಕಾದಾಗ ಹಿಗ್ಗಿ ಶೂವಿನಿಂದ ದೂರ ಸರಿಯುತ್ತದೆ, ಪೆಡಲು ಕೆಳಕ್ಕಿಳಿಯುತ್ತದೆ. ವೇಲ್ಸಿನ ಬೆಟ್ಟದಿಂದಲೋ, ಸ್ಕಾಟ್ಲೆಂಡಿನ ಕಣಿವೆಯೊಳಕ್ಕೋ ಇಳಿಯುವಾಗ ಈ ಪಾಠ ಕಲಿಯುವುದು ಯಾರಿಗೂ ಬೇಡ. 1962ರಲ್ಲಿ 1098 ಸಿ.ಸಿ. ಎಂಜಿನ್ ಬಂದಾಗ ಮೈನರ್‌ನ ಮುಂದಿನ ಡ್ರಮ್ಮುಗಳನ್ನು 7 ಅಂಗುಲದಿಂದ 8 ಅಂಗುಲಕ್ಕೆ ಏರಿಸಿದ್ದು ಸುಮ್ಮನೆ ಅಲ್ಲ.

ಮಿತಿಯೊಳಗಿರುವ ಮೂಲ ಡ್ರಮ್ಮನ್ನು ನಾನಂತೂ ಬಿಟ್ಟುಕೊಡುವುದಿಲ್ಲ. ಹೊಸದಾಗಿ ಮಾಡಿ ಮಾರುವ ಡ್ರಮ್ಮುಗಳಲ್ಲಿ ಒಳ್ಳೆಯವೂ ಇವೆ, ಪೆಟ್ಟಿಗೆಯಿಂದ ತೆಗೆದಾಗಲೇ ಗುಂಡಗಿಲ್ಲದವೂ ಇವೆ. ಹೊಸದೆಂಬ ಮಾತ್ರಕ್ಕೆ ಅಳೆಯುವುದನ್ನು ಬಿಡಬೇಡಿ. ಬಿರುಕು ಬಿಟ್ಟ ಡ್ರಮ್ಮಿಗೆ ಮಾತ್ರ ಯಾವ ರಿಪೇರಿಯೂ ಇಲ್ಲ, ವೆಲ್ಡಿಂಗು ಮಾಡುತ್ತೇನೆ ಎನ್ನುವವರಿಗೆ ದೂರದಿಂದಲೇ ಕೈಮುಗಿಯಿರಿ. ಸವರಿಸುವುದಾದರೂ ಬದಲಿಸುವುದಾದರೂ ಎಡಬಲ ಜೋಡಿಯಾಗಿಯೇ ಆಗಬೇಕು, ಇಲ್ಲವಾದರೆ ಕಾರು ಒಂದು ಕಡೆಗೆ ಎಳೆಯುತ್ತದೆ.

ಶೂಗಳೂ ಬಹುಮಟ್ಟಿಗೆ ಪ್ರಾಮಾಣಿಕರೇ. ಕಬ್ಬಿಣದ ಚೌಕಟ್ಟು ಸೊಟ್ಟಗಾಗಿಲ್ಲ, ತುದಿಗಳು ತಿಂದಿಲ್ಲ ಎಂದರೆ ಹೊಸ ಲೈನಿಂಗು ಹಾಕಿಸಬಹುದು. ಅಂಟಿಸಿದ್ದೂ ಆದೀತು, ರಿವೆಟ್ಟು ಹೊಡೆದದ್ದೂ ಆದೀತು. ರಿವೆಟ್ಟಿನದಾದರೆ ತಲೆಗಳು ಡ್ರಮ್ಮಿಗೆ ತಾಗುವ ಮೊದಲೇ ಬದಲಿಸಬೇಕು. ಡ್ರಮ್ಮು ಸವರಿಸಿದ್ದರೆ ಹೊಸ ಲೈನಿಂಗನ್ನೂ ಆ ವ್ಯಾಸಕ್ಕೆ ಹೊಂದುವಂತೆ ಮಸೆಯಿಸಿ. ಇಲ್ಲದಿದ್ದರೆ ನಡುಭಾಗ ಮಾತ್ರ ತಾಗಿ, ಎಲ್ಲ ಹೊಸದಾಗಿದ್ದರೂ ಕಾರು ನಿಲ್ಲಲು ಮೀನಮೇಷ ಎಣಿಸುತ್ತದೆ.

ಎಣ್ಣೆ ಕುಡಿದ ಲೈನಿಂಗಿನ ಬಗ್ಗೆ ಒಂದು ಮಾತು. ನಮ್ಮೂರುಗಳಲ್ಲಿ ಅದನ್ನು ಪೆಟ್ರೋಲಿನಿಂದ ತೊಳೆದು, ಬೆಂಕಿ ತೋರಿಸಿ, ಉಪ್ಪುಕಾಗದದಿಂದ ಉಜ್ಜಿ ಮತ್ತೆ ಹಾಕುವುದನ್ನು ಅನೇಕರು ನೋಡಿರುತ್ತೀರಿ. ಒಂದು ವಾರ ಚೆನ್ನಾಗಿಯೇ ನಡೆಯುತ್ತದೆ. ಆದರೆ ಎಣ್ಣೆ ಒಳಗೆ ಇಳಿದಿರುತ್ತದೆ, ಬ್ರೇಕು ಕಾದಾಗ ಮತ್ತೆ ಮೇಲೆ ಬರುತ್ತದೆ. ಕಾಯುವುದು ಯಾವಾಗ? ಜೋರಾಗಿ ಒತ್ತಿದಾಗ, ಅಂದರೆ ತೀರಾ ಬೇಕಾದಾಗ. ಆ ಲೈನಿಂಗು ತೊಟ್ಟಿಗೇ ಹೋಗಬೇಕು. ಹೊಸದು ಹಾಕುವ ಮುಂಚೆ ಎಣ್ಣೆ ಎಲ್ಲಿಂದ ಬಂತು ಎಂದು ಹುಡುಕಿ. ಹಿಂದಿನ ಚಕ್ರದಲ್ಲಾದರೆ ಆಕ್ಸಲಿನ ಸೀಲು ಸೋರಿರಬಹುದು, ಇಲ್ಲವೆ ಬ್ರೇಕಿನ ದ್ರವವೇ ಸೋರಿರಬಹುದು.

ಇನ್ನೊಂದು ಎಚ್ಚರಿಕೆ. ಹಳೆಯ ಲೈನಿಂಗುಗಳಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು. ಬ್ರಿಟನ್ನಿನಲ್ಲಿ ಅದರ ಕೊನೆಯ ಬಗೆಯೂ ನಿಷೇಧವಾದದ್ದು 1999ರಲ್ಲಿ. ಯಾರೋ ಹಿರಿಯರ ಶೆಡ್ಡಿನಲ್ಲಿ ಬಿಚ್ಚದ ಪೆಟ್ಟಿಗೆಯಲ್ಲಿ ಸಿಕ್ಕಿದ 'ಅಸಲಿ' ಶೂಗಳೆಂದು ಹಿಗ್ಗಬೇಡಿ. ಡ್ರಮ್ಮು ಬಿಚ್ಚಿದಾಗ ಒಳಗಿನ ಧೂಳನ್ನು ಬಾಯಿಂದಾಗಲಿ ಪಂಪಿನಿಂದಾಗಲಿ ಊದಬಾರದು. ಒದ್ದೆಬಟ್ಟೆಯಲ್ಲಿ ಒರೆಸಿ, ಚೀಲದಲ್ಲಿ ಕಟ್ಟಿಡಿ. ಮೊಮ್ಮಕ್ಕಳನ್ನು ಆ ಹೊತ್ತು ಗ್ಯಾರೇಜಿಗೆ ಬಿಡಬೇಡಿ.

ಇಲ್ಲಿಂದ ಮುಂದೆ ಎರಡನೆಯ ಜಾತಿ.

ಮೇಲೆ ಬಸಪ್ಪ ಒಳಗೆ ವಿಷಪ್ಪ ಎನ್ನುತ್ತಾರಲ್ಲ, ಬ್ರೇಕಿನ ರಬ್ಬರು ಹೋಸುಗಳು ಆ ಪೈಕಿ. ಹೊರಗೆ ಕಪ್ಪಗೆ ಮಿಂಚುತ್ತಿರುತ್ತವೆ. ಒಳಪದರ ಉಬ್ಬಿ ದಾರಿ ಕಿರಿದಾಗಿರುತ್ತದೆ. ಪೆಡಲಿನ ಬಲಕ್ಕೆ ದ್ರವ ಹೇಗೋ ನುಗ್ಗಿ ಹೋಗುತ್ತದೆ, ಕಾಲು ತೆಗೆದಾಗ ವಾಪಸು ಬರಲಾರದು. ಶೂ ಡ್ರಮ್ಮಿಗೆ ಅಂಟಿಕೊಂಡೇ ಇರುತ್ತದೆ, ಒಂದು ಚಕ್ರ ಮಾತ್ರ ಕಾದು ಕೆಂಡವಾಗುತ್ತದೆ. ಶೂ ಬದಲಿಸಿ, ಸಿಲಿಂಡರು ಬದಲಿಸಿ, ಸ್ಪ್ರಿಂಗು ಬದಲಿಸಿ ಹೈರಾಣಾದವರು ಕೊನೆಗೆ ಹೋಸು ಬದಲಿಸಿದಾಗ ರೋಗ ವಾಸಿಯಾದ ಉದಾಹರಣೆಗಳು ಎಷ್ಟೋ. ಕಾರಿನ ಚರಿತ್ರೆ ಗೊತ್ತಿಲ್ಲದಿದ್ದರೆ ಮೊದಲ ದಿನವೇ ಎಲ್ಲ ಹೋಸುಗಳನ್ನೂ ಬದಲಿಸಿಬಿಡಿ.

ಕಬ್ಬಿಣದ ಕೊಳವೆಗಳದ್ದೂ ಇದೇ ಕಥೆ. ಈ ದೇಶದಲ್ಲಿ ಚಳಿಗಾಲದ ರಸ್ತೆಗೆ ಸುರಿಯುವ ಉಪ್ಪು ಕ್ಲಿಪ್ಪುಗಳ ಅಡಿಯಲ್ಲಿ ಸೇರಿ ಕಾಣದ ಜಾಗದಲ್ಲಿ ಕೊರೆಯುತ್ತದೆ. ಬದಲಿಗೆ ತಾಮ್ರ ಮತ್ತು ನಿಕ್ಕಲ್ ಬೆರೆತ ಕೊಳವೆ ಹಾಕಿಸಿ. ತುಕ್ಕು ಹಿಡಿಯುವುದಿಲ್ಲ, ಕೈಯಲ್ಲೇ ಬಾಗುತ್ತದೆ, ಬರೀ ತಾಮ್ರದಷ್ಟು ಮೆತ್ತಗೂ ಅಲ್ಲ. ತುದಿಯ ಆಕಾರ ಮೂಲದಂತೆಯೇ ಇರಬೇಕು, ಅಷ್ಟು ನೋಡಿಕೊಳ್ಳಿ.

ಸಿಲಿಂಡರುಗಳ ವಿಷಯ ತುಸು ತೊಡಕಿನದು, ಏಕೆಂದರೆ ಅವು ಎರಡು ಜಾತಿಗೂ ಸೇರಿದವು. ಒಳಗಿನ ರಬ್ಬರು ಸೀಲುಗಳನ್ನು ಬಿಚ್ಚಿದಾಗಲೆಲ್ಲ ಹೊಸದಾಗಿ ಹಾಕಬೇಕು, ಅದರಲ್ಲಿ ಚರ್ಚೆಯೇ ಇಲ್ಲ. ಆದರೆ ಲೋಹದ ಕೊಳವೆಯ ಒಳಮೈ? ದೀಪ ಹಿಡಿದು ನೋಡಿ. ಕನ್ನಡಿಯಂತಿದ್ದರೆ ಹೊಸ ಸೀಲು ಸಾಕು. ಉಗುರಿಗೆ ತಾಗದಷ್ಟು ಸಣ್ಣ ಕಲೆಗಳಿದ್ದರೆ ನಯಗೊಳಿಸುವ ಕಲ್ಲಿನಿಂದ ಹದವಾಗಿ ತೀಡಬಹುದು. ಚುಕ್ಕೆಚುಕ್ಕೆಯಾಗಿ ಗುಳಿ ಬಿದ್ದಿದ್ದರೆ ತೀಡುತ್ತಾ ಕೂರುವುದು ಸಲ್ಲ. ಗುಳಿ ಹೋಗುವ ಹೊತ್ತಿಗೆ ಕೊಳವೆ ಹಿಗ್ಗಿ ಸೀಲಿಗೆ ಸಡಿಲವಾಗಿರುತ್ತದೆ. ಚಕ್ರದ ಸಣ್ಣ ಸಿಲಿಂಡರಾದರೆ ಹೊಸದು ಕೊಳ್ಳಿ. ಅದನ್ನು ರಿಪೇರಿ ಮಾಡಿಸುವುದೆಂದರೆ ಮೂಗಿಗಿಂತ ಮೂಗುತಿ ಭಾರ.

ಮಾಸ್ಟರ್ ಸಿಲಿಂಡರಿನ ನ್ಯಾಯವೇ ಬೇರೆ. ಮೈನರ್‌ನಲ್ಲಿ ಅದನ್ನು ಬಾನೆಟ್ಟಿನ ಕೆಳಗೆ ಹುಡುಕಬೇಡಿ. ಚಾಲಕನ ಕಾಲಡಿಯ ನೆಲದ ಕೆಳಗೆ, ಚಾಸಿಯ ತೊಲೆಯೊಳಗೆ ಅಡಗಿ ಕೂತಿದೆ. ಅದನ್ನು ಹಿಡಿದ ಬೋಲ್ಟುಗಳಿಗೆ ಮುಂದಿನ ಸಸ್ಪೆನ್ಷನ್ನಿನ ಟಾರ್ಷನ್ ಬಾರ್ ಅಡ್ಡ ಬರುತ್ತದೆ. ಹೊರತೆಗೆಯಲು ಅರ್ಧ ದಿನದ ಕುಸ್ತಿ. ಇಷ್ಟು ಕಷ್ಟಪಟ್ಟು ತೆಗೆದ ಮೇಲೆ ಬರೀ ಸೀಲು ಹಾಕಿ ವಾಪಸು ಕೂರಿಸುವುದು ನನ್ನ ದೃಷ್ಟಿಯಲ್ಲಿ ಲೆಕ್ಕಕ್ಕೆ ಬಾರದ ಉಳಿತಾಯ. ಒಳ್ಳೆಯ ಹೊಸದು ಸಿಕ್ಕರೆ ಹಾಕಿ. ಇಲ್ಲವೆ ಮೂಲ ಎರಕವನ್ನೇ ಉಳಿಸಿಕೊಂಡು ಒಳಗೆ ಸ್ಟೇನ್‌ಲೆಸ್ ಉಕ್ಕಿನ ತೆಳು ಕೊಳವೆ ಕೂರಿಸಿಕೊಡುವವರಿದ್ದಾರೆ, ಅವರ ಕೈಗೆ ಕೊಡಿ. ಹಾಗೆ ಮಾಡಿಸಿದ್ದು ತುಕ್ಕಿಗೆ ಜಗ್ಗುವುದಿಲ್ಲ. ರಿಪೇರಿ ಹೊಸದಕ್ಕಿಂತ ಮೇಲಾಗುವ ಅಪರೂಪದ ಸಂದರ್ಭ ಇದು.

ಹಳೆಯ ಮಾಸ್ಟರ್ ಸಿಲಿಂಡರಿನ ಒಂದು ಕುತಂತ್ರ ಕೇಳಿ. ವರ್ಷಗಟ್ಟಲೆ ಪೆಡಲು ಅರ್ಧದಷ್ಟೇ ಹೋಗುತ್ತಿರುತ್ತದೆ, ಸೀಲು ಆ ಅರ್ಧದಲ್ಲೇ ಓಡಾಡಿ ಅಲ್ಲಿ ಮಾತ್ರ ನಯವಾಗಿರುತ್ತದೆ. ಆಚೆಯ ಭಾಗದಲ್ಲಿ ತುಕ್ಕು. ಒಂದು ದಿನ ನೀವು ದ್ರವ ಬದಲಿಸಲೆಂದು ಪೆಡಲನ್ನು ನೆಲದವರೆಗೂ ತುಳಿಯುತ್ತೀರಿ. ಸೀಲು ಆ ಒರಟು ಜಾಗಕ್ಕೆ ಹೋಗಿ ಹರಿದುಕೊಳ್ಳುತ್ತದೆ. ನಿನ್ನೆಯವರೆಗೆ ಸರಿಯಿತ್ತು, ಮುಟ್ಟಿದ್ದಕ್ಕೇ ಕೆಟ್ಟಿತು ಎಂದು ಜನ ಗೊಣಗುತ್ತಾರೆ. ಕೆಟ್ಟದ್ದು ಎಂದೋ, ತಿಳಿದದ್ದು ಇವತ್ತು. ಅದಕ್ಕೇ ಹಳೆಯ ಕಾರಿನಲ್ಲಿ ಪೆಡಲಿನ ಅಡಿ ಸಣ್ಣ ಮರದ ತುಂಡಿಟ್ಟು ಅದು ಪೂರ್ತಿ ಇಳಿಯದಂತೆ ನೋಡಿಕೊಳ್ಳುತ್ತಾರೆ.

ದ್ರವ ಎಂದೆ. ಎಲ್ಲಕ್ಕಿಂತ ಅಗ್ಗ, ಎಲ್ಲಕ್ಕಿಂತ ಹೆಚ್ಚು ಅಲಕ್ಷ್ಯಕ್ಕೊಳಗಾದದ್ದು ಅದೇ. ಮಲೆನಾಡಿನವರಿಗೆ ವಿವರಿಸಬೇಕಾಗಿಲ್ಲ, ಮಳೆಗಾಲದಲ್ಲಿ ಉಪ್ಪಿನ ಭರಣಿ ಮುಚ್ಚಳ ಹಾಕಿದ್ದರೂ ನೀರೊಡೆಯುತ್ತದಲ್ಲ, ಸಾಮಾನ್ಯ ಬ್ರೇಕ್ ದ್ರವವೂ ಹಾಗೆಯೇ ಗಾಳಿಯ ತೇವವನ್ನು ಹೀರುತ್ತದೆ. ಡಾಟ್ 4 ಎಂಬ ದ್ರವ ಹೊಸದಿದ್ದಾಗ 230 ಡಿಗ್ರಿ ಸೆಲ್ಸಿಯಸ್‌ವರೆಗೂ ಕುದಿಯಬಾರದು ಎಂಬುದು ನಿಯಮ. ನೂರಕ್ಕೆ 3.7 ಭಾಗ ನೀರು ಸೇರಿದ ಮೇಲೆ ಆ ನಿಯಮವೇ 155 ಡಿಗ್ರಿಗೆ ಇಳಿಯುತ್ತದೆ. ಕುದಿದರೆ ಆವಿ, ಆವಿ ಒತ್ತಿದರೆ ಕುಗ್ಗುತ್ತದೆ, ಪೆಡಲು ಹತ್ತಿಯಂತಾಗುತ್ತದೆ. ಸಿಲಿಂಡರುಗಳ ಒಳಗಿನ ತುಕ್ಕಿಗೂ ಆ ನೀರೇ ಕಾರಣ. ವರ್ಷಕ್ಕೆ ಐನೂರು ಮೈಲಿ ಓಡುವ ಕಾರಿಗೆ ಏಕೆ ಎನ್ನಬೇಡಿ. ಓಡದೆ ನಿಂತ ಕಾರಿಗೇ ಇದರ ಕಾಟ ಹೆಚ್ಚು. ಎರಡು ವರ್ಷಕ್ಕೊಮ್ಮೆ ಬದಲಿಸಿ. ತೇವ ಹೀರದ ಸಿಲಿಕೋನಿನ ದ್ರವವೂ ಇದೆ, ಅದರ ಹೆಸರು ಡಾಟ್ 5. ಹೆಸರು ಹತ್ತಿರವಿದೆಯೆಂದು ಡಾಟ್ 5.1 ಎಂಬುದನ್ನು ಅದೇ ಎಂದು ತಿಳಿಯಬೇಡಿ, ಅದು ಹಳೆಯ ಕುಲದ್ದೇ. ಎರಡು ಕುಲದವನ್ನು ಬೆರೆಸಬಾರದು. ಇನ್ನು ಎಂಜಿನ್ ಎಣ್ಣೆ ಒಂದು ಚಮಚ ಸೇರಿದರೂ ಸಾಕು, ರಬ್ಬರೆಲ್ಲ ಉಬ್ಬಿ ಹಾಳು. ಆಗ ಒಂದು ಸೀಲೂ ಉಳಿಯುವುದಿಲ್ಲ.

ಡಿಸ್ಕ್ ಬ್ರೇಕು ಹಾಕಿಸಿಬಿಡೋಣವೇ, ದ್ರವದ ದಾರಿಯನ್ನು ಎರಡಾಗಿ ಮಾಡಿಸೋಣವೇ ಎಂದು ಕಿರಿಯರು ಕೇಳುತ್ತಾರೆ. ದಿನವೂ ಮೋಟಾರ್‌ವೇಯಲ್ಲಿ ಓಡಿಸುವವರಾದರೆ ನನ್ನ ತಕರಾರಿಲ್ಲ. ವಿಮಾ ಕಂಪನಿಗೆ ತಿಳಿಸಿಯೇ ಮಾಡಿಸಿ. ಭಾನುವಾರದ ಸವಾರಿಗೆ, ಸರಿಯಾಗಿಟ್ಟ ಡ್ರಮ್ಮು ಸಾಕು ಎಂಬುದು ನನ್ನ ಅಭಿಪ್ರಾಯ. ಮುಂದಿನ ಕಾರಿನಿಂದ ದೂರ ಮಾತ್ರ ಹೆಚ್ಚು ಬಿಡಬೇಕು, ಆ ದೂರದಲ್ಲಿ ಬೇರೆಯವರು ಬಂದು ನುಗ್ಗಿದರೂ ಸಿಟ್ಟಾಗದೆ ಮತ್ತೆ ಬಿಡಬೇಕು.

ಇಲ್ಲಿ 2018ರ ಮೇ 20ರಿಂದ, ನಲವತ್ತು ವರ್ಷ ದಾಟಿದ ಹಾಗೂ ದೊಡ್ಡ ಮಾರ್ಪಾಡುಗಳಾಗದ ಕಾರುಗಳಿಗೆ ವಾರ್ಷಿಕ ಎಂ.ಓ.ಟಿ. ಪರೀಕ್ಷೆಯಿಂದ ವಿನಾಯಿತಿ ಸಿಕ್ಕಿದೆ. ಅನೇಕರು ಸಂತೋಷಪಟ್ಟರು. ನನಗೆ ಸಂತೋಷವಾಗಲಿಲ್ಲ. ಕಾರು ರಸ್ತೆಗೆ ಯೋಗ್ಯವಾಗಿರಬೇಕೆಂಬ ಕಾನೂನಿನ ಹೊಣೆ ಹಾಗೆಯೇ ಮಾಲೀಕನ ಮೇಲಿದೆ. ಹೋದದ್ದು, ವರ್ಷಕ್ಕೊಮ್ಮೆ ಬೇರೆಯವರು ನೋಡಿ ಹೇಳುತ್ತಿದ್ದ ಆ ಎರಡನೆಯ ಕಣ್ಣು. ಪರೀಕ್ಷಾ ಕೇಂದ್ರದ ಉರುಳೆಗಳ ಮೇಲೆ ನಿಲ್ಲಿಸಿದರೆ ಯಾವ ಚಕ್ರ ಎಷ್ಟು ಹಿಡಿಯುತ್ತಿದೆ ಎಂಬುದು ಅಂಕಿಯಲ್ಲಿ ಬರುತ್ತದೆ, ಎಡಬಲದ ವ್ಯತ್ಯಾಸ ಕಣ್ಣೆದುರಿಗೆ ನಿಲ್ಲುತ್ತದೆ. ನಮ್ಮ ಗ್ಯಾರೇಜಿನಲ್ಲಿ ಅದನ್ನು ಅಳೆಯುವ ಉಪಾಯವಿಲ್ಲ. ಸ್ವಇಚ್ಛೆಯಿಂದ ಹೋಗಿ ಮಾಡಿಸಿ, ಯಾರೂ ಬೇಡವೆನ್ನುವುದಿಲ್ಲ.

ಬಿಚ್ಚಿದ ಹಳೆಯ ಭಾಗಗಳನ್ನು ಕೂಡಲೇ ಎಸೆಯಬೇಡಿ, ಹೊಸದು ಒಂದು ವರ್ಷ ಬಾಳಿದ್ದನ್ನು ನೋಡಿ ಆಮೇಲೆ ಎಸೆಯಿರಿ. ಮೂಲ ಎರಕದ ಡ್ರಮ್ಮು, ಮಾಸ್ಟರ್ ಸಿಲಿಂಡರುಗಳನ್ನಂತೂ ಎಸೆಯಲೇಬೇಡಿ. ಅವುಗಳ ಸಂಖ್ಯೆ ಇನ್ನು ಹೆಚ್ಚುವುದಿಲ್ಲ. ಹೆಂಡತಿಯ ಆಕ್ಷೇಪಣೆಗೆ ಉತ್ತರ ನೀವೇ ಹುಡುಕಿಕೊಳ್ಳಿ.

ಕೆಲಸವೆಲ್ಲ ಮುಗಿದ ಮೇಲೆ ಮೊದಲು ಶೂಗಳನ್ನು ಹೊಂದಿಸಿ. ಡ್ರಮ್ಮಿನ ತೂತಿನಿಂದ ಕಾಣುವ ತಿರುಪನ್ನು ಚಕ್ರ ಕಚ್ಚುವವರೆಗೆ ತಿರುಗಿಸಿ, ಒಂದು ಹಲ್ಲು ಹಿಂದಕ್ಕೆ ಬಿಡಿ. ಮುಂದಿನ ಚಕ್ರಕ್ಕೆ ಇಂಥವು ಎರಡಿವೆ, ಒಂದನ್ನು ಮರೆಯುವವರೇ ಹೆಚ್ಚು. ಆಮೇಲೆ ಗಾಳಿ ತೆಗೆಯಿರಿ, ಅತಿ ದೂರದ ಎಡ ಹಿಂಚಕ್ರದಿಂದ ಶುರುಮಾಡಿ. ಪೆಡಲನ್ನು ಒಂದು ನಿಮಿಷ ಗಟ್ಟಿಯಾಗಿ ಒತ್ತಿ ಹಿಡಿಯಿರಿ. ನಿಧಾನವಾಗಿ ಇಳಿಯುತ್ತಿದ್ದರೆ ಎಲ್ಲೋ ಸೋರುತ್ತಿದೆ, ಕಾರು ಹೊರಗೆ ತೆಗೆಯಬೇಡಿ. ಇಳಿಯದಿದ್ದರೆ ಖಾಲಿ ಅಂಗಳದಲ್ಲಿ ನಡಿಗೆಯ ವೇಗದಲ್ಲಿ ಮೊದಲ ಪರೀಕ್ಷೆ, ಕೈ ಹ್ಯಾಂಡ್‌ಬ್ರೇಕಿನ ಮೇಲಿರಲಿ. ಹತ್ತು ಸಲ ನೆಟ್ಟಗೆ ನಿಂತ ಮೇಲೆ ರಸ್ತೆಗೆ. ಆಮೇಲೆ ನಾಲ್ಕೂ ಚಕ್ರಗಳ ಹತ್ತಿರ ಕೈ ಒಡ್ಡಿ ನೋಡಿ, ಒಂದೇ ಒಂದು ಮಾತ್ರ ಹೆಚ್ಚು ಬಿಸಿಯಿದ್ದರೆ ಅಲ್ಲಿ ಶೂ ಬಿಡುತ್ತಿಲ್ಲ.

ಬಿಸಿಬೇಳೆಭಾತು ಆರುತ್ತಿದೆ ಎಂದು ಕಾರ್ಯದರ್ಶಿಗಳು ಬಾಗಿಲಲ್ಲಿ ನಿಂತು ಕೈಸನ್ನೆ ಮಾಡುತ್ತಿದ್ದಾರೆ. ಪ್ರಶ್ನೆಗಳಿರುವವರು ಊಟದ ಸಾಲಿನಲ್ಲಿ ನನ್ನನ್ನು ಹಿಡಿಯಬಹುದು. ಹಳೆಯ ಕಾರಿನಲ್ಲೇ ಬಂದಿರುವವರು ಇದ್ದರೆ ಊಟವಾದ ಮೇಲೆ ಪಾರ್ಕಿಂಗಿಗೆ ಬನ್ನಿ, ಟಾರ್ಚು ತಂದಿದ್ದೇನೆ, ಹೋಸುಗಳನ್ನು ಒಮ್ಮೆ ನೋಡಿಬಿಡೋಣ.